ವಾಲ್ಕೆನ್‌ಬರ್ಗ್‌ನ ಕಡೆಯ ಗೊಂಚಲು

ಎನ್ಸ್‌ಕೆಡೆ ನಿಲ್ದಾಣದಲ್ಲಿ ರೈಲು ಹತ್ತುವ ಮೊದಲೇ ಅವ್ವ ತನ್ನ ಅನುಮಾನವನ್ನು ಹೊರಗೆ ಹಾಕಿದಳು.

"ಗುಡ್ಡದ ಊರು ಅಂತೀಯಲ್ಲ ಸುಮಾ, ಖರೇನ ಗುಡ್ಡ ಐತೊ, ಇಲ್ಲಾ ಈ ಮಂದಿ ಹೇಳೋ ಗುಡ್ಡ ಐತೊ?"

ಅವಳು ಹೀಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಿಂದಿನ ಭಾನುವಾರ ನಮ್ಮ ಪಕ್ಕದ ಮನೆಯವರು ಬೆಟ್ಟ ತೋರಿಸುತ್ತೇವೆಂದು ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದೊಯ್ದಿದ್ದರು. ಸ್ವಲ್ಪ ನಡೆದ ಮೇಲೆ ಬೆಟ್ಟ ಎಲ್ಲಿದೆ ಎಂದು ಅವ್ವ ಕೇಳಿದಾಗ ನಾವು ಅದರ ನೆತ್ತಿಯ ಮೇಲೇ ನಿಂತಿದ್ದೆವು. ಅಂದಿನಿಂದ ನೆದರ್‌ಲ್ಯಾಂಡ್ಸ್ ದೇಶದ ಎಲ್ಲ ಬೆಟ್ಟಗಳನ್ನೂ ಅವಳು 'ದಿಬ್ಬ' ಎಂದು ಕರೆಯತೊಡಗಿದ್ದಳು. ವಾಲ್ಕೆನ್‌ಬರ್ಗ್‌ಗೆ ಹೋಗುವ ಮೊದಲೇ ಅದೂ ದಿಬ್ಬವಾಗಿತ್ತು.

ಅದು 2020ರ ಸೆಪ್ಟೆಂಬರ್ ಕೊನೆಯ ಶನಿವಾರ. ಅವ್ವ ಬಂದದ್ದು ಫೆಬ್ರವರಿಯಲ್ಲಿ, ನನ್ನ ಡಾಕ್ಟರೇಟ್ ಸಮಾರಂಭಕ್ಕೆ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಮ್ಮೂರಿನಲ್ಲಿ ಅಂತರ್ಜಲ ಹುಡುಕುವುದೆಂದರೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವರ ಕೆಲಸ. ಮಗಳು ಅದನ್ನೇ ಯೂನಿವರ್ಸಿಟಿಯಲ್ಲಿ ಓದಿ ಡಾಕ್ಟರ್ ಆದಳೆಂಬುದು ಅವ್ವನಿಗೆ ದೊಡ್ಡ ಹೆಮ್ಮೆ, ಜೊತೆಗೆ ಸ್ವಲ್ಪ ನಗು. ಇಳಕಲ್ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕುಳಿತು, ಕಪ್ಪು ನಿಲುವಂಗಿಯ ಪ್ರೊಫೆಸರುಗಳು ನನ್ನನ್ನು ಪ್ರಶ್ನೆ ಕೇಳುವುದನ್ನು ನೋಡಿ, "ಇಷ್ಟ ಮಂದಿ ಸೇರಿ ಒಂದು ಹುಡುಗೀನ ಕಾಡಸ್ತಾರ" ಎಂದಿದ್ದಳು. ಮಾರ್ಚ್ ಕೊನೆಗೆ ಅವಳು ಊರಿಗೆ ಹೊರಡಬೇಕಿತ್ತು. ಅಷ್ಟರಲ್ಲಿ ವಿಮಾನಗಳೇ ನಿಂತುಹೋದವು.

ಅಪ್ಪ ಹೋದ ಮೇಲೆ ನಮ್ಮ ನಾಲ್ಕು ಎಕರೆ ದ್ರಾಕ್ಷಿ ತೋಟ ನಡೆದದ್ದು ಅವ್ವನ ಕೈಯಲ್ಲೇ. ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ಅದಕ್ಕೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲಿ ಎಂದು, ಅಕ್ಟೋಬರ್ ಚಾಟ್ನಿ ಹಣ್ಣು ಬರಲಿ ಎಂದು. ಯಾವ ಕಡ್ಡಿ ಎಲ್ಲಿ ಕತ್ತರಿಸಬೇಕು ಎನ್ನುವುದರಲ್ಲೇ ಇಡೀ ವರ್ಷದ ಬೆಳೆ ಇರುತ್ತದೆ. ಆ ವರ್ಷದ ಏಪ್ರಿಲ್ ಚಾಟ್ನಿಯನ್ನು ಅವ್ವನ ತಮ್ಮ ಶಂಕರ ಮಾಮ ಮಾಡಿಸಿದ. ಮೊದಲ ದಿನ ಅವನು ಫೋನನ್ನು ತೋಟದ ಕಂಬಕ್ಕೆ ಕಟ್ಟಿ ವಿಡಿಯೊದಲ್ಲಿ ತೋರಿಸಿದ. ಅವ್ವ ಎನ್ಸ್‌ಕೆಡೆಯ ಅಡುಗೆಮನೆಯಲ್ಲಿ ಕುಳಿತು, "ಅದನ್ನ ಅಲ್ಲಪಾ, ಬಾಜೂದು, ಬಾಜೂದು" ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಳು. ಎರಡನೇ ದಿನ ನೆಟ್‌ವರ್ಕ್ ಸಿಗಲಿಲ್ಲ. ಮೂರನೇ ದಿನ ಅವಳೇ ಫೋನ್ ಮಾಡಲಿಲ್ಲ.

"ನನ್ನ ಕೈ ಇಲ್ಲದನ ಚಾಟ್ನಿ ಆತು ನೋಡು," ಎಂದಳು. ಅದಾದ ಮೇಲೆ ತೋಟದ ಮಾತೇ ನಿಂತಿತು. ನನ್ನ ಮನೆಯ ಕಿಟಕಿ ಒರೆಸುತ್ತ, ಟಿವಿಯಲ್ಲಿ ಅರ್ಥವಾಗದ ಭಾಷೆಯ ಸುದ್ದಿ ನೋಡುತ್ತ ಐದು ತಿಂಗಳು ಕಳೆದಳು. ಸೆಪ್ಟೆಂಬರಿನಲ್ಲಿ ಶಂಕರ ಮಾಮ ಹೊಸ ಮಾತು ತೆಗೆದ. ಬಳ್ಳಿ ಹಳೆಯವಾಗಿವೆ, ಕೊರೊನಾದಲ್ಲಿ ಆಳು ಸಿಗುವುದಿಲ್ಲ, ತೋಟ ಕೀಳಿಸಿ ನಿಂಬೆ ಹಚ್ಚೋಣ ಎಂದ. ನೆಲ ಅಗೆಯುವ ಯಂತ್ರ ಪಕ್ಕದ ಹೊಲಕ್ಕೆ ಬಂದಿತ್ತು; ಸೋಮವಾರ ನಮ್ಮ ತೋಟಕ್ಕೆ ಬರಬಹುದಿತ್ತು. ಭಾನುವಾರ ಸಂಜೆಯೊಳಗೆ ಅವ್ವ ಹೂಂ ಅನ್ನಬೇಕಿತ್ತು, ಅಷ್ಟೆ. ಅಕ್ಟೋಬರ್ ಮೊದಲ ವಾರದಲ್ಲಿ ಆಮ್ಸ್ಟರ್‌ಡ್ಯಾಮಿನಿಂದ ಒಂದು ವಿಶೇಷ ವಿಮಾನವೂ ಇತ್ತು. ನಾನು ಅದರಲ್ಲಿ ಸೀಟು ತೆಗೆದಿರಲಿಲ್ಲ. ಊರಿನಿಂದ ದಿನವೂ ಯಾರೋ ಒಬ್ಬರು ಹೋದ ಸುದ್ದಿ ಬರುತ್ತಿತ್ತು; ನನಗೆ ಭಯವಿತ್ತು. ತೋಟವೇ ಇಲ್ಲವಾದರೆ ಅವ್ವನಿಗೆ ಓಡಿಹೋಗಲು ಕಾರಣವೂ ಇರುವುದಿಲ್ಲ, ಚಳಿಗಾಲ ಕಳೆಯುವವರೆಗೆ ನನ್ನ ಬಳಿಯೇ ಇರುತ್ತಾಳೆ ಎಂದು ನಾನು ಮಾಮನ ಕಡೆಯೇ ಇದ್ದೆ.

ಹೂಂ ಅನ್ನುವ ಮೊದಲು ಅವಳ ಮನಸ್ಸು ಸ್ವಲ್ಪ ಹಗುರಾಗಲಿ ಎಂದು ಈ ಪ್ರವಾಸ. ನೆದರ್‌ಲ್ಯಾಂಡ್ಸ್‌ನ ದಕ್ಷಿಣದ ತುದಿ ಲಿಂಬರ್ಗ್. ಅಲ್ಲಿ ಗುಡ್ಡವಿದೆ, ಹಳೇ ಕೋಟೆಯಿದೆ, ದ್ರಾಕ್ಷಿ ತೋಟಗಳಿವೆ ಎಂದೆ.

"ಸೆರೆ ಮಾಡೋ ದ್ರಾಕ್ಷಿ. ಅದನ್ನೇನ ನೋಡೂದೈತಿ," ಎಂದಳು ಅವ್ವ. ಅವ್ವನಿಗೆ ವೈನೂ ಸಾರಾಯಿಯೂ ಒಂದೇ. ಆದರೂ ಕಟಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಟ್ಟಿಕೊಂಡು, ಸೀರೆಯ ಮೇಲೆ ನನ್ನ ಹಳೇ ಜಾಕೆಟ್ ಹಾಕಿ, ಬೂಟು ಬಿಗಿದು ಹೊರಟಳು.

ಡೆವೆಂಟರ್‌ನಲ್ಲಿ ಒಂದು ಸಲ, ಡೆನ್ ಬಾಸ್‌ನಲ್ಲಿ ಇನ್ನೊಂದು ಸಲ ರೈಲು ಬದಲಿಸಬೇಕು. ಮಾಸ್ಟ್ರಿಕ್ಟ್‌ವರೆಗೆ ಸುಮಾರು ನಾಲ್ಕು ಗಂಟೆಯ ದಾರಿ. ರೈಲಿನಲ್ಲಿ ಮಾಸ್ಕ್ ಕಡ್ಡಾಯವಾಗಿತ್ತು, ಜನ ಕಡಿಮೆಯಿದ್ದರು, ಎದುರು ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಅವ್ವ ಮಾಸ್ಕಿನ ಮೇಲೆ ಸೆರಗನ್ನೂ ಎಳೆದುಕೊಂಡಿದ್ದಳು. ರೊಟ್ಟಿ ಮುರಿಯುವ ಸದ್ದಿಗೆ ಆಚೆ ಸಾಲಿನ ಗೃಹಸ್ಥರೊಬ್ಬರು ತಿರುಗಿ ನೋಡಿದರು. ಹೊರಗೆ ಕಾಲುವೆ, ಹುಲ್ಲು, ಹಸು, ಮತ್ತೆ ಕಾಲುವೆ. ರೋರ್‌ಮಂಡ್ ದಾಟಿದ ಮೇಲೆ ನೆಲ ಸ್ವಲ್ಪ ಮಡಚಿದಂತೆ ಕಾಣತೊಡಗಿತು. ಮಾಸ್ಟ್ರಿಕ್ಟ್‌ನಲ್ಲಿ ಇಳಿದು ಪುಟ್ಟ ರೈಲೊಂದಕ್ಕೆ ಹತ್ತಿದೆವು. ಕಾಲು ಗಂಟೆಯೊಳಗೆ ವಾಲ್ಕೆನ್‌ಬರ್ಗ್.

ನಿಲ್ದಾಣವೇ ಪುಟ್ಟ ಕೋಟೆಯಂತಿದೆ. ದೇಶದಲ್ಲಿ ಉಳಿದಿರುವ ಅತ್ಯಂತ ಹಳೆಯ ರೈಲು ನಿಲ್ದಾಣ ಇದೇ ಅಂತೆ. ಕಟ್ಟಿದ್ದು ಇಲ್ಲಿಯದೇ ಹಳದಿ ಕಲ್ಲಿನಿಂದ. ಮೆರ್ಗೆಲ್ ಎಂಬ ಈ ಸುಣ್ಣಗಲ್ಲು ನೆಲದೊಳಗೆ ಇರುವಾಗ ಮೆತ್ತಗಿರುತ್ತದೆ, ಗರಗಸದಿಂದ ಕೊಯ್ಯಬಹುದು. ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅವ್ವ ಗೋಡೆಗೆ ಉಗುರು ಒತ್ತಿ ನೋಡಿದಳು.

"ಬೆಲ್ಲದ ಅಚ್ಚು ಇದ್ದಂಗೈತಿ. ನಮ್ಮ ಗೋಲಗುಮ್ಮಟದ ಕಲ್ಲಿಗೆ ಉಗುರು ಒತ್ತು, ಉಗುರ ಹೋಗತೈತಿ," ಎಂದಳು.

ಊರು ಚಿಕ್ಕದು. ಖ್ಯೂಲ್ ಎಂಬ ಹೊಳೆ ಮನೆಗಳ ನಡುವೆ ಎರಡು ಕವಲಾಗಿ ಹರಿಯುತ್ತದೆ. ನಮ್ಮ ಡೋಣಿ ಹೊಳೆಯ ಮುಂದೆ ಅದು ಕಾಲುವೆ. ಆದರೆ ತುಂಬ ಲವಲವಿಕೆಯ ಕಾಲುವೆ. ಮಧ್ಯಯುಗದ ಊರಗೋಡೆಯಲ್ಲಿ ಎರಡು ಹೆಬ್ಬಾಗಿಲು ಇನ್ನೂ ನಿಂತಿವೆ, ಜನ ಇಂದಿಗೂ ಸೈಕಲ್ಲಿನಲ್ಲಿ ಅವುಗಳ ಕೆಳಗೆ ಹಾದು ಬ್ರೆಡ್ ಅಂಗಡಿಗೆ ಹೋಗುತ್ತಾರೆ. ನಾವು ಉಳಿದದ್ದು ಒಂದು ಹೆಬ್ಬಾಗಿಲಿಗೆ ಹತ್ತಿರದ ಮನೆಯಲ್ಲಿ. ಮನೆಯೊಡತಿ ಮಾರ್ಯೆಟ್ ಬಾಗಿಲಲ್ಲೇ ದೂರ ನಿಂತು, ಕೈಗೆ ಸ್ಯಾನಿಟೈಸರ್ ಸುರಿದು, "ಹಾಲೆಂಡಿನಿಂದ ಬಂದಿರಾ?" ಎಂದು ಕೇಳಿದಳು. ತಾನು ಬೇರೆ ದೇಶದವಳು ಎನ್ನುವ ಹಾಗಿತ್ತು ಅವಳ ಧಾಟಿ. ಇಲ್ಲಿಯವರು ತಮ್ಮನ್ನು ಲಿಂಬರ್ಗಿನವರು ಎಂದುಕೊಳ್ಳುತ್ತಾರೆ. ಹಾಲೆಂಡ್ ಎಂದರೆ ಅವರಿಗೆ ಮೇಲಿನ ಸಪಾಟು ಊರುಗಳು. "ಅಲ್ಲಿ ಬೆಟ್ಟಗಳಿಲ್ಲ ಪಾಪ," ಎಂದಳು.

ಅವಳ ಮಾತನ್ನು ಅವ್ವನಿಗೆ ಹೇಳಿದೆ. ಅವ್ವ ಕಿಟಕಿಯಿಂದ ಹೊರಗೆ ನೋಡಿ, ಮೂಗಿನ ಮೇಲೆ ಮಾಸ್ಕ್ ಸರಿಮಾಡಿಕೊಂಡಳು.

ಮಾರ್ಯೆಟ್ ಇಲ್ಲಿಯ ಹೆಸರಾಂತ ಹಣ್ಣಿನ ಹೋಳಿಗೆ ತಂದಿಟ್ಟಳು. ಅದರ ಹೆಸರು ಫ್ಲಾಯ್. ತಟ್ಟೆಯಗಲದ ಹಿಟ್ಟಿನ ಮೇಲೆ ಚೆರ್ರಿ ಹಣ್ಣು ತುಂಬಿ ಬೇಯಿಸಿದ್ದು. ಅನ್ನ ತುಂಬಿದ್ದೂ ಒಂದಿತ್ತು, ಆದರೆ ಅದರಲ್ಲಿ ಮೊಟ್ಟೆ. ಚೆರ್ರಿಯದರಲ್ಲಿ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಅವ್ವ ಎರಡು ತುಂಡು ತಿಂದಳು. ಬದಲಿಗೆ ಒಂದು ರೊಟ್ಟಿ ಕೊಟ್ಟಳು. ಮಾರ್ಯೆಟ್ ಅದನ್ನು ಹಲ್ಲಿನಿಂದ ಕಡಿಯಲು ಹೋಗಿ ಸೋತು, ಸೂಪಿಗೆ ಅದ್ದಿ ತಿನ್ನುತ್ತೇನೆಂದು ಒಳಗಿಟ್ಟಳು.

ಮಧ್ಯಾಹ್ನ ಕೋಟೆ ಹತ್ತಿದೆವು. ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಬೇಕಿತ್ತು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ, ಎಲ್ಲೆಡೆ ಬಾಣದ ಗುರುತು. ಇಡೀ ನೆದರ್‌ಲ್ಯಾಂಡ್ಸ್‌ನಲ್ಲಿ ಬೆಟ್ಟದ ಮೇಲಿನ ಕೋಟೆ ಇದೊಂದೇ ಎಂದು ಫಲಕ ಹೇಳುತ್ತದೆ. ಈಗ ಉಳಿದಿರುವುದು ಮುರಿದ ಗೋಡೆಗಳು, ಅರ್ಧ ಗೋಪುರ, ಕಿಟಕಿಯಿದ್ದ ಕಡೆ ಆಕಾಶ. ನೂರಾರು ವರ್ಷ ಮುತ್ತಿಗೆಗಳನ್ನು ಕಂಡ ಈ ಕೋಟೆಯನ್ನು 1672ರಲ್ಲಿ ಡಚ್ಚರ ಸೈನ್ಯವೇ ಸಿಡಿಮದ್ದಿಟ್ಟು ಒಡೆಯಿತು, ಫ್ರೆಂಚರ ಕೈಗೆ ಮತ್ತೆ ಸಿಗದಿರಲಿ ಎಂದು.

"ತಮ್ಮ ಕ್ವಾಟಿ ತಾವ ಒಡಕೊಂಡ್ರ?" ಅವ್ವನಿಗೆ ಇದು ತಲೆಗೆ ಹೋಗಲಿಲ್ಲ. "ನಮ್ಮ ವಿಜಾಪುರಕ್ಕ ದಿಲ್ಲಿ ಬಾದಶಾನ ದಂಡು ಬಂದು ಕುಂತಿತ್ತು. ಬ್ಯಾರೇದವ್ರು ಒಡದ್ರ ಮಾತು ಬ್ಯಾರೆ. ಮನಿಯವರ ಯಾರರೆ ಒಡೀತಾರ?"

"ಬೇರೆಯವರ ಪಾಲಾಗೋದಕ್ಕಿಂತ ಇಲ್ಲದೇ ಇರೋದು ವಾಸಿ ಅಂದ್ಕೊಂಡ್ರೇನೊ ಅವ್ವಾ."

"ಶ್ಯಾಣ್ಯಾರು," ಎಂದಳು ವ್ಯಂಗ್ಯವಾಗಿ. ಆದರೂ ಗೋಡೆಯ ಅಂಚಿಗೆ ಬಹಳ ಹೊತ್ತು ಕೈಯಿಟ್ಟು ನಿಂತಳು. ಕೆಳಗೆ ಊರಿನ ಮಾಡುಗಳು, ಆಚೆ ಇಳಿಜಾರಿನಲ್ಲಿ ಬಾಚಣಿಗೆಯಿಂದ ಬಾಚಿದಂತೆ ಹಸಿರು ಗೆರೆಗಳು. ಅದು ದ್ರಾಕ್ಷಿ ಎಂದು ನಾನು ಹೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ರೋಮನ್ನರ ಕಾಲದಿಂದಲೂ ಈ ಕಡೆ ದ್ರಾಕ್ಷಿಯಿತ್ತು, ಮಧ್ಯಯುಗದಲ್ಲಿ ಬೆಟ್ಟದ ಮೈಯೆಲ್ಲ ಅದೇ ಇತ್ತು, ಆಮೇಲೆ ಹಾಳಾಗಿ ಹೋಗಿ, ನಮ್ಮ ಕಾಲಕ್ಕೆ ಮತ್ತೆ ಹಚ್ಚಿದರು ಎಂದು ಓದಿದ್ದನ್ನು ಹೇಳಿದೆ.

"ಕಿತ್ತವರ ಯಾರು, ಹಚ್ಚಿದವರ ಯಾರು," ಎಂದು ಅವ್ವ ತನಗೆ ತಾನೇ ಎಂಬಂತೆ ಕೇಳಿದಳು.

ಸಂಜೆ ಶಂಕರ ಮಾಮನ ಫೋನ್ ಬಂತು. ಅವ್ವ ಸ್ಪೀಕರ್ ಹಾಕಿದಳು.

"ಅಕ್ಕಾ, ನಾಳೆ ಹೇಳಿಬಿಡು. ಯಂತ್ರದಾಂವ ಕಾಯೂದಿಲ್ಲ. ನೀ ಅಲ್ಲೆ ಆರಾಮ ಇರು. ಇಲ್ಲಿ ದಿನಾ ಮಂದಿ ಸಾಯಾಕತ್ತಾರ, ನೀ ಬಂದು ಏನ ಮಾಡ್ತಿ?"

"ನಾಳೆ ಹೇಳ್ತೀನಿ," ಎಂದು ಅವ್ವ ಫೋನ್ ಇಟ್ಟಳು. ನನ್ನ ಮುಖ ನೋಡಿದಳು. ನಾನು ಮಾಮ ಹೇಳಿದ್ದು ಸರಿ ಅನ್ನಿಸುತ್ತದೆ ಎಂದೆ. ಅವಳು ತಲೆಯಾಡಿಸಿದಳು, ವಾದ ಮಾಡಲಿಲ್ಲ. ಅವ್ವ ವಾದ ಮಾಡದೆ ಇದ್ದದ್ದು ನನಗೆ ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು. ಮಧ್ಯಾಹ್ನದ ನಂತರ ಮಳೆ ಎಂದು ಮಾರ್ಯೆಟ್ ಹೇಳಿದಳು. ನಾವು ಊರಾಚೆಯ ಇಳಿಜಾರಿನ ಕಾಲುದಾರಿ ಹಿಡಿದೆವು. ದಾರಿಯ ಪಕ್ಕದಲ್ಲೇ ದ್ರಾಕ್ಷಿ ತೋಟ. ನಮ್ಮಲ್ಲಿ ಬಳ್ಳಿಯನ್ನು ತಲೆಯ ಮೇಲೆ ಚಪ್ಪರದಂತೆ ಹಬ್ಬಿಸುತ್ತಾರೆ, ಕೊಯ್ಯುವವರು ಕತ್ತು ಎತ್ತಿಯೇ ನಡೆಯುತ್ತಾರೆ. ಇಲ್ಲಿ ಬಳ್ಳಿಗಳು ತಂತಿಗೆ ಅಂಟಿ ಎದೆಮಟ್ಟಕ್ಕೆ ನಿಂತಿವೆ, ಗೊಂಚಲುಗಳು ಮೊಣಕಾಲಿನ ಹತ್ತಿರ. ಕಾಯಿ ಸಣ್ಣವು, ಒತ್ತಾಗಿ ಕೂತವು. ಅವ್ವ ಬೇಲಿಯ ಬಳಿ ನಿಂತವಳು ಕದಲಲಿಲ್ಲ. ಒಂದು ಎಲೆಯನ್ನು ಮಗುಚಿ ಬೆನ್ನು ನೋಡಿದಳು, ಆಮೇಲೆ ಆಕಾಶ ನೋಡಿದಳು.

ಸಾಲುಗಳ ನಡುವೆ ಐದಾರು ಜನ ದೂರ ದೂರ ನಿಂತು ಕೊಯ್ಯುತ್ತಿದ್ದರು. ಮಾಲೀಕ ನಮ್ಮ ಕಡೆ ಬಂದ. ಐವತ್ತು ದಾಟಿದ ಎತ್ತರದ ಮನುಷ್ಯ, ಹೆಸರು ವೀಲ್. ಪ್ರತಿವರ್ಷ ಊರಿನ ನಿವೃತ್ತರೆಲ್ಲ ಕೊಯ್ಲಿಗೆ ಬರುತ್ತಿದ್ದರಂತೆ, ಈ ವರ್ಷ ವೈರಸ್ಸಿನ ಭಯಕ್ಕೆ ಯಾರೂ ಬಂದಿಲ್ಲ, ಮಾಸ್ಟ್ರಿಕ್ಟ್‌ನ ಕೆಲವು ವಿದ್ಯಾರ್ಥಿಗಳಷ್ಟೇ ಇದ್ದಾರೆ ಎಂದ. ಅವನ ಕಣ್ಣೂ ಮೋಡದ ಮೇಲೇ ಇತ್ತು.

"ಎಷ್ಟು ಸಾಲು ಉಳಿದಾವಂತ ಕೇಳು," ಎಂದಳು ಅವ್ವ.

"ಮೇಲಿನ ಆರು ಸಾಲು," ಎಂದ ವೀಲ್.

ಅವ್ವ ಜಾಕೆಟ್ಟಿನ ತೋಳು ಮಡಚಿದಳು. "ಕತ್ತರಿ ಐತೇನಂತ ಕೇಳು."

"ಅವ್ವಾ, ಇದು ಸೆರೆ ಮಾಡೋ ದ್ರಾಕ್ಷಿ," ಎಂದು ನೆನಪಿಸಿದೆ.

"ಹಣ್ಣಿಗೇನ ಗೊತ್ತು ತಾ ಏನ ಆಗ್ತೀನಂತ. ಮಳಿ ಬರಾಕತ್ತೈತಿ, ಹಣ್ಣು ಬಳ್ಳಿ ಮ್ಯಾಲೈತಿ. ಸುಮ್ಮ ನಿಂತು ನೋಡಾಕ ನಾ ಏನ ಪ್ಯಾಟಿಯಾಕಿ?"

ಮಾಗಿದ ದ್ರಾಕ್ಷಿಯ ಮೇಲೆ ಮಳೆ ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆ ಯಾರಿಗೂ ವಿವರಿಸಬೇಕಿಲ್ಲ. ಕಾಯಿ ಬಿರಿಯುತ್ತದೆ, ಕೊಳೆಯುತ್ತದೆ, ವರ್ಷವೆಲ್ಲ ಪಟ್ಟದ್ದು ನೀರಾಗುತ್ತದೆ. ವೀಲ್ ನಮಗೆ ಕೈಗವಸು, ಕತ್ತರಿ, ಬುಟ್ಟಿ ಕೊಟ್ಟು, ಸಾಲಿಗೊಬ್ಬರು, ನಡುವೆ ಒಂದೂವರೆ ಮೀಟರ್ ಎಂದು ಹೇಳಿ ಓಡಿದ. ಅವ್ವ ಕೈಗವಸನ್ನು ಬೇಲಿಗೆ ನೇತುಹಾಕಿ ಬರಿಗೈಯಲ್ಲಿ ಶುರು ಮಾಡಿದಳು.

ಎರಡು ಗಂಟೆ ಕೊಯ್ದೆವು. ನನ್ನ ಸೊಂಟ ಹಿಡಿದುಹೋಯಿತು. ಅವ್ವ ಮಧ್ಯೆ ಮಧ್ಯೆ ಅಭ್ಯಾಸಬಲದಿಂದ ಕತ್ತು ಎತ್ತುವಳು, ಮೇಲೆ ಬರೀ ಮೋಡ, ಮತ್ತೆ ಬಗ್ಗುವಳು. ಅವಳು ನಿಧಾನ ಎಂದು ನನಗೆ ಆಗಲೇ ಅನ್ನಿಸಿತ್ತು. ವಿದ್ಯಾರ್ಥಿಗಳ ಬುಟ್ಟಿಗಳು ಎರಡೆರಡು ಸಲ ತುಂಬಿ ಹೋದರೂ ಅವಳದು ಒಂದೇ ತುಂಬಿತ್ತು. ಅದನ್ನು ಒಯ್ಯಲು ಬಂದ ವೀಲ್ ಬುಟ್ಟಿಯೊಳಗೆ ನೋಡಿ ನಿಂತುಬಿಟ್ಟ.

ಅವ್ವ ಗೊಂಚಲುಗಳನ್ನು ಮುಂಬೈ ಮಾರ್ಕೆಟ್ಟಿಗೆ ಕಳಿಸುವಂತೆ ಜೋಡಿಸಿದ್ದಳು. ಅಡಿಗೆ ಎಲೆ ಹಾಸಿ, ತೊಟ್ಟು ಮೇಲಕ್ಕೆ ಮಾಡಿ, ಒಂದಕ್ಕೊಂದು ತಾಗದಂತೆ, ಒಂದೇ ಪದರ. ದ್ರಾಕ್ಷಿಯ ಮೇಲೆ ಮಂಜಿನಂಥ ಬಿಳಿಯ ಲೇಪ ಇರುತ್ತದೆ. ಬೆರಳು ತಾಗಿದರೆ ಅಳಿಸುತ್ತದೆ, ಅಳಿಸಿದ್ದನ್ನು ಮುಂಬೈ ವ್ಯಾಪಾರಿ ಮುಟ್ಟುವುದಿಲ್ಲ. ಅವ್ವ ಅದನ್ನು ಹಣ್ಣಿನ ಪೌಡರು ಎನ್ನುತ್ತಾಳೆ. ಅವಳು ಗೊಂಚಲನ್ನು ತೊಟ್ಟಿನಲ್ಲೇ ಹಿಡಿದು, ಕತ್ತರಿಸಿ, ತೊಟ್ಟಿನಲ್ಲೇ ಇಳಿಸಿದ್ದಳು. ಒಂದು ಕಾಯಿಯ ಪೌಡರೂ ಅಳಿಸಿರಲಿಲ್ಲ.

ವೀಲ್ ನಗುತ್ತ ಹೇಳಿದ: "ಇವನ್ನು ಇನ್ನರ್ಧ ಗಂಟೆಗೆ ಯಂತ್ರಕ್ಕೆ ಹಾಕಿ ಹಿಂಡುತ್ತೇವೆ. ಸುಮ್ಮನೆ ಎಸೆದರೂ ಆಗುತ್ತದೆ ಅಂತ ಹೇಳಿ."

ಹೇಳಿದೆ. ಅವ್ವನ ಮುಖ ಕೆಂಪಾಯಿತು. "ಹೌದಲ್ಲ," ಎಂದಳು. "ಹಿಂಡೂದಕ್ಕ ಪೌಡರು ಯಾಕ ಬೇಕು. ತಡಾ ಮಾಡಿದ್ನಿ, ತಪ್ಪಾತಂತ ಹೇಳು." ಆಮೇಲೆ ಬುಟ್ಟಿಗೆ ಎಸೆಯಲು ನೋಡಿದಳು. ಕೈ ಕೇಳಲಿಲ್ಲ. ಬುಟ್ಟಿಯ ಬಳಿ ಬಂದೊಡನೆ ಕೈ ತಾನೇ ನಿಧಾನವಾಗುತ್ತಿತ್ತು. "ನನ್ನ ಕೈಗೆ ಇನ್ನೊಂದು ಬರೂದಿಲ್ಲ ನೋಡ," ಎಂದು ನಗತೊಡಗಿದಳು. ಮಾರ್ಚಿನಿಂದ ಅವ್ವ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಪಕ್ಕದ ಸಾಲಿನಲ್ಲಿ ಬಗ್ಗಿದ್ದ ನನಗೆ ಅವಳ ಬಗ್ಗೆ ಇದ್ದಕ್ಕಿದ್ದಂತೆ ಎಂಥ ಹೆಮ್ಮೆ ಬಂತೆಂದರೆ, ಕಣ್ಣೊರೆಸಿಕೊಳ್ಳಲು ಎಲೆಯ ಮರೆಗೆ ಹೋಗಬೇಕಾಯಿತು.

ಮೇಲಿನ ಸಾಲು ಮುಗಿಯುತ್ತ ಬಂದಾಗ ವೀಲ್ ಎಲ್ಲರನ್ನೂ ನಿಲ್ಲಿಸಿದ. ತುದಿಯ ಬಳ್ಳಿಯಲ್ಲಿ ಒಂದು ಗೊಂಚಲು ಬಿಟ್ಟಿದ್ದರು. ಅದು ಅವನ ತಾಯಿ ಫೀನ್ ಮೊದಲು ನೆಟ್ಟ ಬಳ್ಳಿ. ಪ್ರತಿವರ್ಷ ಕಡೆಯ ಗೊಂಚಲನ್ನು ಅವಳೇ ಕೊಯ್ಯುವುದು ಮನೆಯ ಪದ್ಧತಿ; ಅವಳು ಮೊದಲ ಕಾಯಿ ತಿಂದ ಮೇಲೆ ಸುಗ್ಗಿ ಮುಗಿದಂತೆ. ಈಗ ಅವಳು ಕೆಳಗೆ ಊರಿನ ವೃದ್ಧರ ಮನೆಯಲ್ಲಿದ್ದಳು. ಅಲ್ಲಿ ಹಿಂದಿನ ವಾರ ಒಬ್ಬರಿಗೆ ಸೋಂಕು ಕಂಡಿದ್ದರಿಂದ ಮತ್ತೆ ಬಾಗಿಲು ಹಾಕಿದ್ದರು. ಯಾರೂ ಒಳಗೆ ಹೋಗುವಂತಿಲ್ಲ, ಅವಳು ಹೊರಗೆ ಬರುವಂತಿಲ್ಲ.

"ಇಲ್ಲಿ ಎಲ್ಲರಿಗಿಂತ ಹಿರಿಯರು ನಿಮ್ಮ ತಾಯಿ," ಎಂದ ವೀಲ್ ನನಗೆ. "ಅವರೇ ಕೊಯ್ಯಲಿ. ಅವರ ರೀತಿಯಲ್ಲೇ, ಕಾಯಿ ಮುಟ್ಟದೆ. ಇದು ಯಂತ್ರಕ್ಕೆ ಹೋಗೋದಲ್ಲ, ಅಮ್ಮನಿಗೆ ಹೋಗೋದು."

ಅವ್ವ ಕೇಳಿಸಿಕೊಂಡು, ಬೂಟು ಬಿಚ್ಚಿದಳು. ಊರಿನಲ್ಲೂ ವರ್ಷದ ಮೊದಲ ಗೊಂಚಲನ್ನು ಅವಳು ಚಪ್ಪಲಿ ಬಿಟ್ಟೇ ಕೊಯ್ಯುತ್ತಾಳೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು, ಬಳ್ಳಿಗೆ ಕೈಮುಗಿದು, ತೊಟ್ಟು ಹಿಡಿದು ಕತ್ತರಿಸಿದಳು. ವೀಲ್ ಏನು ಮಾಡಬೇಕೆಂದು ತಿಳಿಯದೆ ಟೋಪಿ ತೆಗೆದ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಹತ್ತು ನಿಮಿಷದ ಮೇಲೆ ಮಳೆ ಬಂತು, ಅಷ್ಟರಲ್ಲಿ ಬಳ್ಳಿಗಳೆಲ್ಲ ಖಾಲಿಯಾಗಿದ್ದವು.

ವೀಲ್ ಕೊಯ್ಲಿಗೆ ಬಂದವರಿಗೆಲ್ಲ ಒಂದೊಂದು ಬಾಟಲಿ ಕೊಟ್ಟ. ಅವ್ವ ಕೈಮುಗಿದು ಬೇಡವೆಂದಳು, ತಮ್ಮ ತೋಟದ ದ್ರಾಕ್ಷಿ ಮುಂಬೈಗೆ ಹೋಗುತ್ತದೆ, ಉಳಿದದ್ದು ಒಣಗಿ ಮಣೂಕ ಆಗುತ್ತದೆ ಹೊರತು ಬಾಟಲಿಗೆ ಹೋಗುವುದಿಲ್ಲವೆಂದು ನನ್ನಿಂದ ಹೇಳಿಸಿದಳು. ಒಣದ್ರಾಕ್ಷಿ ಎಂದು ನಾನು ವಿವರಿಸಿದಾಗ ವೀಲ್ ತುಂಬ ಗೌರವದಿಂದ ತಲೆದೂಗಿದ. ಇಲ್ಲಿಯ ಬಿಸಿಲಿಗೆ ಅದು ಸಾಧ್ಯವೇ ಇಲ್ಲ ಎಂದ. ಅವ್ವನಿಗೆ ಅದು ಬಹಳ ಹಿಡಿಸಿತು. "ಬಿಸಲ ಬೇಕಂದ್ರ ನಮ್ಮೂರಿಗೆ ಬರಾಕ ಹೇಳು," ಎಂದಳು.

ವೃದ್ಧರ ಮನೆ ನಿಲ್ದಾಣದ ದಾರಿಯಲ್ಲೇ ಇತ್ತು. ವೀಲ್ ಕರೆದ, ನಾವೂ ಹೋದೆವು. ಎಲೆ ಹಾಸಿದ ಪೆಟ್ಟಿಗೆಯಲ್ಲಿ ಆ ಒಂದು ಗೊಂಚಲು. ಬಾಗಿಲಲ್ಲಿ ನರ್ಸ್ ಅದನ್ನು ಪಡೆದು ಒಳಗೆ ಒಯ್ದಳು. ನಾವು ನೆಲಮಹಡಿಯ ದೊಡ್ಡ ಕಿಟಕಿಯ ಹೊರಗೆ ಕೊಡೆ ಹಿಡಿದು ನಿಂತೆವು. ಗಾಜಿನ ಆಚೆ ಗಾಲಿಕುರ್ಚಿಯಲ್ಲಿ ಫೀನ್, ತುಂಬ ಸಣ್ಣ ಮುದುಕಿ, ಕೂದಲನ್ನು ನೀಟಾಗಿ ಬಾಚಿತ್ತು. ನರ್ಸ್ ಪೆಟ್ಟಿಗೆಯನ್ನು ಅವಳ ಮಡಿಲಲ್ಲಿಟ್ಟು ಫೋನನ್ನು ಕಿವಿಗೆ ಹಿಡಿದಳು. ಫೀನ್ ಬಗ್ಗಿ ನೋಡಿದಳು, ಕನ್ನಡಕ ಸರಿಮಾಡಿ ಮತ್ತೆ ನೋಡಿದಳು.

"ವೀಲ್," ಎಂದಳು ಫೋನಿನಲ್ಲಿ, "ಇದನ್ನು ಕೊಯ್ದವನು ನೀನಲ್ಲ."

ವೀಲ್ ನಕ್ಕು ಅವ್ವನನ್ನು ಮುಂದೆ ಕರೆದ. ಫೀನ್ ಅವ್ವನನ್ನು ಮೇಲಿನಿಂದ ಕೆಳಗೆ ನೋಡಿದಳು, ಕೆಸರಾದ ಸೀರೆಯ ಅಂಚನ್ನೂ. ವೀಲ್ ಫೋನನ್ನು ನಮ್ಮ ಕಡೆ ಹಿಡಿದ. ಫೀನ್ ಕೇಳಿದ್ದನ್ನು ನಾನು ಅವ್ವನಿಗೆ ಹೇಳುತ್ತ ಹೋದೆ. ಅವರಿಗೂ ತೋಟ ಇದೆಯೇ? ಇದೆ, ನಾಲ್ಕು ಎಕರೆ. ಯಾರು ನೆಟ್ಟದ್ದು? ನಾನು ಮತ್ತು ನನ್ನ ಗಂಡ. ಈಗ ಯಾರು ನೋಡಿಕೊಳ್ಳುತ್ತಿದ್ದಾರೆ?

ಕಡೆಯ ಪ್ರಶ್ನೆಗೆ ಅವ್ವ ತಡೆದಳು. ಕೊಡೆಯ ಮೇಲೆ ಮಳೆ ಹೊಯ್ಯುತ್ತಿತ್ತು. ಫೀನ್ ಕಾಯುತ್ತಿದ್ದಳು.

"ಯಾರೂ ಇಲ್ಲ," ಎಂದಳು ಅವ್ವ. "ನಾ ಹೊಂಟೀನಿ ಅಂತ ಹೇಳು. ಅಕ್ಟೋಬರ್ ಚಾಟ್ನಿಗೆ."

ನಾನು ಅವಳ ಮುಖ ನೋಡಿದೆ.

"ಹೇಳು," ಎಂದಳು.

ಅವಳನ್ನು ಕಳಿಸಬಾರದು ಎಂದುಕೊಂಡವಳು ನಾನು. ಅವಳು ಹೋಗುತ್ತಾಳೆಂದು ಡಚ್ಚಿನಲ್ಲಿ ಹೇಳಬೇಕಾದವಳೂ ನಾನೇ. ಹೇಳಿದೆ. ಫೀನ್ ಹೌದು ಹೌದು ಎಂದು ತಲೆಯಾಡಿಸಿದಳು. ಆಮೇಲೆ ಬಲಗೈ ಎತ್ತಿ ಎರಡು ಬೆರಳನ್ನು ಕತ್ತರಿಯಂತೆ ಗಾಜಿನ ಮೇಲೆ ತೆರೆದು ಮುಚ್ಚಿದಳು. ಅವ್ವನೂ ಈಚೆಯಿಂದ ಎರಡು ಬೆರಳು ಎತ್ತಿ ಹಾಗೇ ಮಾಡಿದಳು. ಫೀನ್ ಒಂದು ಕಾಯಿ ಕಿತ್ತು ಬಾಯಿಗೆ ಹಾಕಿಕೊಂಡಳು. ವೀಲ್ ಮುಖ ಆಚೆ ತಿರುಗಿಸಿ ನಿಂತ.

ನಿಲ್ದಾಣದ ಹಳದಿ ಕಲ್ಲಿನ ಮಾಡಿನ ಕೆಳಗೆ ರೈಲಿಗೆ ಕಾಯುವಾಗ ನಾನು ಕಡೆಯ ಪ್ರಯತ್ನ ಮಾಡಿದೆ. ಅಲ್ಲಿ ಪರಿಸ್ಥಿತಿ ಚೆನ್ನಾಗಿಲ್ಲ ಅವ್ವಾ ಎಂದೆ.

"ಗೊತ್ತೈತಿ," ಎಂದಳು. "ಆ ಮುದುಕಿಗೆ ಬಾಗಿಲಾ ಹಾಕ್ಯಾರ, ಅದಕ್ಕ ಆಕಿ ತ್ವಾಟಕ್ಕ ಹೋಗಾಕ ಆಗಿಲ್ಲ. ನನಗ ಯಾರ ಹಾಕ್ಯಾರ ಬಾಗಿಲಾ?"

ಬಾಗಿಲು ಹಿಡಿದು ನಿಂತವಳು ನಾನೇ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ನನ್ನ ಕೆನ್ನೆಯ ಮೇಲಿನ ಒದ್ದೆ ಕೂದಲು ಹಿಂದಕ್ಕೆ ಸರಿಸಿ ಶಂಕರ ಮಾಮನಿಗೆ ಫೋನ್ ಹಚ್ಚಿದಳು.

"ಶಂಕರಾ, ಯಂತ್ರ ಬ್ಯಾಡ ಅನ್ನು. ಕತ್ತರಿ ಮಸದ ಇಡು. ನಾ ಬರ್ತೀನಿ."

ಅತ್ತಲಿಂದ ಮಾಮನ ದನಿ ಏರಿತು. ಕೊರೊನಾ ಎಂಬುದಷ್ಟೇ ನನಗೆ ಕೇಳಿಸಿತು.

"ಮಾಸ್ಕ್ ಹಾಕ್ಕೊಂಡ ಮಾಡ್ತೀನಿ. ಸಾಲಿಗೊಬ್ಬರ ನಿಂತ್ರಾತು. ಇಲ್ಲೆ ಈಗ ಹಂಗ ಕೊಯ್ದು ಬಂದೀನಿ." ಆಮೇಲೆ ಫೋನನ್ನು ನನ್ನ ಕಡೆ ಚಾಚಿದಳು. "ನಿಮ್ಮ ಮಾಮಗ ನಿನ್ನ ಮ್ಯಾಲ ನಂಬಿಕಿ. ಡಾಕ್ಟರ ಅಲ್ಲೇನ ನೀ? ಏನ ಹೇಳ್ತಿ ಹೇಳು."

ನಾನು ಫೋನ್ ತೆಗೆದುಕೊಂಡೆ. ಹಳಿಯಾಚೆ ಮಳೆಯಲ್ಲಿ ಕೋಟೆಯ ಅರ್ಧ ಗೋಪುರ ಮಸುಕಾಗಿ ಕಾಣುತ್ತಿತ್ತು.

"ಅವ್ವ ಬರ್ತಾಳ ಮಾಮಾ," ಎಂದೆ. "ಸೀಟು ತಗೋತೀನಿ."

ರೈಲಿನಲ್ಲಿ ಕುಳಿತ ಮೇಲೆ ಫೋನಿನಲ್ಲೇ ಟಿಕೆಟ್ ಮಾಡತೊಡಗಿದೆ. ಭಯ ಹೋಗಿರಲಿಲ್ಲ, ಆದರೆ ಈ ಹೆಂಗಸು ನನ್ನ ತಾಯಿ ಎಂಬ ಹೆಮ್ಮೆ ಅದಕ್ಕಿಂತ ದೊಡ್ಡದಾಗಿ ಕೂತಿತ್ತು. ರೈಲು ಹೊರಟಿತು. ಅವ್ವ ಗಾಜಿಗೆ ಹಣೆ ತಾಗಿಸಿ ಹಿಂದೆ ಸರಿಯುತ್ತಿದ್ದ ಊರನ್ನು, ಖಾಲಿಯಾದ ದ್ರಾಕ್ಷಿ ಸಾಲುಗಳನ್ನು, ಕೋಟೆಯನ್ನು ನೋಡುತ್ತಿದ್ದಳು.

"ಯಾವ ಸೀಟು ಬೇಕಂತ ಕೇಳ್ತಾರ ಅವ್ವಾ," ಎಂದೆ.

"ಕಿಡಕಿ ಬಾಜೂದು ತಗೊ," ಎಂದಳು, ಹೊರಗಿನಿಂದ ಕಣ್ಣು ತೆಗೆಯದೆ. "ಮ್ಯಾಲಿಂದ ಈ ಗುಡ್ಡ ಕಾಣತೈತೇನ ನೋಡ್ತೀನಿ."